ಸನ್ನದು ಕೊಟ್ಟರೆ ಸಾಲದು, ರಿಮ್ಯಾಂಡ್ ಅರ್ಜಿ ಓದಲು ಕಲಿಸಿ: ವಕೀಲರ ಪರಿಷತ್ತಿಗೊಂದು ಬಹಿರಂಗ ಪತ್ರ

ಇವರಿಗೆ:
ಅಧ್ಯಕ್ಷರು ಮತ್ತು ಸದಸ್ಯರು, ಕರ್ನಾಟಕ ರಾಜ್ಯ ವಕೀಲರ ಪರಿಷತ್ತು, ಬೆಂಗಳೂರು
ಪದಾಧಿಕಾರಿಗಳು, ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಹಾಗೂ ತಾಲೂಕುಗಳ ವಕೀಲರ ಸಂಘಗಳು

ಮಾನ್ಯರೆ,

ನಮ್ಮ ಮೂರು ಜಿಲ್ಲೆಗಳ ಕೋರ್ಟುಗಳಿಗೆ ವರ್ಷವರ್ಷವೂ ಹೊಸ ಕರಿ ಕೋಟುಗಳು ಬರುತ್ತಿವೆ. ಸನ್ನದಿಗೆ (ವಕೀಲಿ ಮಾಡುವ ಪರವಾನಗಿಗೆ) ವಕೀಲರ ಕಾಯ್ದೆಯಲ್ಲಿರುವ 750 ರೂಪಾಯಿಗಿಂತ (ಪರಿಶಿಷ್ಟ ಜಾತಿ, ಪಂಗಡದವರಿಗೆ 125) ಹೆಚ್ಚು ಕೇಳಕೂಡದೆಂದು ಸುಪ್ರೀಂ ಕೋರ್ಟ್ 2024ರ ಜುಲೈ 30ರಂದು ಹೇಳಿದ ಮೇಲೆ ಬಡ ಮನೆಯ ಮಕ್ಕಳಿಗೂ ದಾರಿ ಹಗುರಾಯಿತು. ಅದರ ಬಗ್ಗೆ ನಮ್ಮ ತಕರಾರಿಲ್ಲ. ತಕರಾರು ಇರುವುದು ಒಳಗೆ ಬಂದ ಮೇಲಿನ ಮೊದಲ ವರ್ಷದ ಬಗ್ಗೆ. ಎರಡು ವರ್ಷದೊಳಗೆ ಅಖಿಲ ಭಾರತ ವಕೀಲರ ಪರೀಕ್ಷೆ ಪಾಸಾಗಬೇಕು: 100 ಪ್ರಶ್ನೆ, ಸಾಮಾನ್ಯ ವರ್ಗಕ್ಕೆ ಶೇ 45 ಅಂಕ, ಟಿಪ್ಪಣಿ ಇಲ್ಲದ ಕಾಯ್ದೆ ಪುಸ್ತಕ ಪಕ್ಕದಲ್ಲಿಟ್ಟುಕೊಳ್ಳಬಹುದು. ಭಾನುವಾರ ಸಂಜೆ ಮ್ಯಾಜಿಸ್ಟ್ರೇಟರ ಮನೆಯಲ್ಲಿ ಪೊಲೀಸರು ಆರೋಪಿಯನ್ನು ತಂದು ನಿಲ್ಲಿಸಿದಾಗ ರಿಮ್ಯಾಂಡ್ ಅರ್ಜಿಯನ್ನು (ಆರೋಪಿಯನ್ನು ಕಸ್ಟಡಿಯಲ್ಲಿಡಲು ಪೊಲೀಸರು ಹಾಕುವ ಅರ್ಜಿ) ಹತ್ತು ನಿಮಿಷದಲ್ಲಿ ಓದಿ ಏನು ಹೇಳಬೇಕೆಂದು ಆ ಪರೀಕ್ಷೆ ಕೇಳುವುದಿಲ್ಲ. ಕಾಲೇಜೂ ಕಲಿಸುವುದಿಲ್ಲ. ಹಿರಿಯರ ಆಫೀಸಿನಲ್ಲಿ ಕಲಿಯುತ್ತಾರೆಂಬುದು ರೂಢಿಯ ಮಾತು. ಅಲ್ಲಿ ಸಿಗುವ ಕೆಲಸ ಹೆಚ್ಚಾಗಿ ಫೈಲು ಹೊರುವುದು, ‘ಸೀನಿಯರ್ ಹೈಕೋರ್ಟಿನಲ್ಲಿದ್ದಾರೆ ಸ್ವಾಮಿ’ ಎಂದು ಮುದ್ದತು (ಮುಂದಿನ ತಾರೀಖು) ಕೇಳುವುದು.

ನಮ್ಮ ಕೋರಿಕೆ ಒಂದೇ. ಕ್ರಿಮಿನಲ್ ಕೆಲಸ ಹಿಡಿಯುವ ಹೊಸ ವಕೀಲರಿಗೆ ಮೊದಲ ಒಂದು ವರ್ಷ ಭತ್ಯೆ ಕೊಟ್ಟು, ಲೆಕ್ಕ ಇಟ್ಟು, ಹಿರಿಯರ ಕಣ್ಣಳತೆಯಲ್ಲಿ ಕಲಿಸುವ ವ್ಯವಸ್ಥೆಯನ್ನು ಈ ಮೂರು ಜಿಲ್ಲೆಗಳಿಂದಲೇ ಶುರುಮಾಡಿ.

ಇಂಗ್ಲೆಂಡಿನಲ್ಲಿ ಬ್ಯಾರಿಸ್ಟರ್ ಆಗುವವರು ತರಬೇತಿ ಕೋರ್ಸ್ ಮುಗಿಸಿದ ಮೇಲೂ ಒಂದು ವರ್ಷ ಪ್ಯೂಪಿಲೇಜ್ ಮಾಡಲೇಬೇಕು. ಮೊದಲ ಆರು ತಿಂಗಳು ಹಿರಿಯರ ಹಿಂದೆ ಕೂತು ನೋಡುವುದು, ಕರಡು ಬರೆಯುವುದು. ಎರಡನೇ ಆರು ತಿಂಗಳು ಸಣ್ಣ ಕೇಸುಗಳಲ್ಲಿ ತಾವೇ ನಿಲ್ಲುವುದು. ಕನಿಷ್ಠ ಭತ್ಯೆ ಕಡ್ಡಾಯ. ಅಲ್ಲಿ ಕಕ್ಷಿದಾರನ ಜೊತೆ ಓಡಾಡಿ ಕಡತ ಕಟ್ಟಲು ಸಾಲಿಸಿಟರ್ ಬೇರೆ ಇರುತ್ತಾರೆ. 1961ರ ವಕೀಲರ ಕಾಯ್ದೆ ನಮ್ಮಲ್ಲಿ ಎಲ್ಲರನ್ನೂ ಒಂದೇ ವರ್ಗ ಮಾಡಿತು. ಹಾಗಾಗಿ ಜೇವರ್ಗಿಯ ವಕೀಲ ಠಾಣೆಗೂ ಹೋಗಬೇಕು, ಜೈಲಿಗೂ ಹೋಗಬೇಕು, ಜಾಮೀನುದಾರನ ಪಹಣಿಯನ್ನೂ ನೋಡಬೇಕು, ಎದುರು ಪಕ್ಷದ ಸಾಕ್ಷಿಯ ಪಾಟೀಸವಾಲನ್ನೂ ಮಾಡಬೇಕು. ಕೆಲಸ ಎರಡು ಪಟ್ಟು, ತರಬೇತಿ ಸೊನ್ನೆ.

ಇದಕ್ಕೆ ಕಾನೂನಿನ ಅಡ್ಡಿಯಿದೆ ಎಂಬ ಉತ್ತರ ಇನ್ನು ನಡೆಯದು. ಸನ್ನದಿಗೆ ಮೊದಲು ಒಂದು ವರ್ಷದ ತರಬೇತಿ ಎಂದು ಭಾರತೀಯ ವಕೀಲರ ಪರಿಷತ್ತು 1995ರಲ್ಲಿ ಮಾಡಿದ ನಿಯಮವನ್ನು 1999ರಲ್ಲಿ ಸುಪ್ರೀಂ ಕೋರ್ಟ್ ಹೊಡೆದುಹಾಕಿತ್ತು, ನಿಜ. ಆದರೆ 2023ರ ಫೆಬ್ರುವರಿಯಲ್ಲಿ ಬೋನಿ ಫೊಯಿ ಲಾ ಕಾಲೇಜ್ ಪ್ರಕರಣದ ಸಂವಿಧಾನ ಪೀಠ ಆ ಹಳೆಯ ತೀರ್ಪು ಸರಿಯಾದ ಕಾನೂನಲ್ಲ ಎಂದು ಹೇಳಿಬಿಟ್ಟಿದೆ. ಕಡ್ಡಾಯ ಮಾಡುವ ಅಧಿಕಾರ ದೆಹಲಿಯದು ಇರಬಹುದು. ಸ್ವಇಚ್ಛೆಯ ಯೋಜನೆ ಮಾಡಲು ಬೆಂಗಳೂರಿಗೂ ಕಲಬುರಗಿಗೂ ಯಾರ ಅಪ್ಪಣೆಯೂ ಬೇಕಿಲ್ಲ.

ಏನು ಕಲಿಸಬೇಕು ಎಂಬುದನ್ನು ಈಗ ವಿವರವಾಗಿ ಹೇಳುತ್ತೇವೆ. ‘ತರಬೇತಿ’ ಎಂದಾಕ್ಷಣ ಹಾರ, ಶಾಲು, ಉದ್ಘಾಟನಾ ಭಾಷಣದ ಕಾರ್ಯಾಗಾರ ನೆನಪಾಗುವವರು ಬಹಳ ಮಂದಿ ಇದ್ದಾರೆ.

ಮೊದಲು ರಿಮ್ಯಾಂಡ್. ಕ್ರಿಮಿನಲ್ ಕೇಸಿನಲ್ಲಿ ಮನುಷ್ಯನ ಸ್ವಾತಂತ್ರ್ಯ ಹೋಗುವುದು ತೀರ್ಪಿನ ದಿನವಲ್ಲ, ಈ ದಿನ. ಹೊಸಬರಿಗೆ ಇದು ಬರೀ ವಕಾಲತ್ತು ಹಾಕುವ ದಿನವಾಗಿ ಕಾಣುತ್ತದೆ. ಜಾಮೀನು ಅರ್ಜಿ ನಾಳೆ ಬರೆದರಾಯಿತು ಎನ್ನುತ್ತಾರೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಮೊದಲು ನೋಡಬೇಕಾದ್ದು ಹೊತ್ತು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದದ್ದು) 58ನೇ ಕಲಮಿನ 24 ತಾಸು ಅರೆಸ್ಟ್ ಮೆಮೊದಲ್ಲಿ ಬರೆದ ಗಳಿಗೆಯಿಂದ ಶುರು ಎಂದು ಪೊಲೀಸರು ಹೇಳುತ್ತಾರೆ. ತಾಲೂಕು ಆಸ್ಪತ್ರೆಯ ಪರೀಕ್ಷಾ ಚೀಟಿಯಲ್ಲಿ ಅದಕ್ಕಿಂತ ಮೂರು ತಾಸು ಮೊದಲಿನ ಹೊತ್ತಿದ್ದರೆ ಮೆಮೊ ನಂಬಲರ್ಹವಲ್ಲ. ಎರಡೂ ಕಾಗದ ಒಟ್ಟಿಗೆ ತೋರಿಸಬೇಕು. ಎರಡನೆಯದು, ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧವಾದರೆ ಅದೇ ಸಂಹಿತೆಯ 35(3)ರ ಹಾಜರಾತಿ ನೋಟಿಸು ಕೊಡದೆ ಹಿಡಿದದ್ದು ಯಾಕೆ ಎಂಬುದಕ್ಕೆ ಬರೆದ ಕಾರಣ ಇದೆಯೇ? ಸುಪ್ರೀಂ ಕೋರ್ಟಿನ 2014ರ ಅರ್ನೇಶ್ ಕುಮಾರ್ ತೀರ್ಪು ಮ್ಯಾಜಿಸ್ಟ್ರೇಟರಿಗೂ ಅದನ್ನು ಪರಿಶೀಲಿಸುವ ಹೊಣೆ ಹೊರಿಸಿದೆ. ಕಾರಣದ ಪಟ್ಟಿ ಅಚ್ಚು ಹೊಡೆದ ನಮೂನೆಯಾಗಿದ್ದರೆ, ಅದರಲ್ಲಿ ಆರೋಪಿಯ ಹೆಸರು ಬಿಟ್ಟು ಬೇರೇನೂ ಬದಲಾಗಿಲ್ಲ ಎಂದು ಅಲ್ಲಿಯೇ ಹೇಳಬೇಕು.

ಮೂರನೆಯದು ಬಂಧನದ ಆಧಾರಗಳು. 2025ರ ನವೆಂಬರಿನಲ್ಲಿ ಮಿಹಿರ್ ರಾಜೇಶ್ ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಸ್ಪಷ್ಟ: ಯಾವ ಕಾಯ್ದೆಯ ಕೇಸಾಗಲಿ, ಆಧಾರಗಳನ್ನು ಬರೆದು, ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು; ಹಿಡಿದ ಗಳಿಗೆಯಲ್ಲಿ ಆಗದಿದ್ದರೆ ಬಾಯಲ್ಲಿ ಹೇಳಿ, ರಿಮ್ಯಾಂಡಿಗೆ ಹಾಜರುಪಡಿಸುವ ಕನಿಷ್ಠ ಎರಡು ತಾಸು ಮೊದಲು ಬರಹದಲ್ಲಿ ಕೊಡಬೇಕು. ಈ ಮಾತು ನಮ್ಮ ಸೀಮೆಗೆ ಬರೆದಂತಿದೆ. ಭಾಲ್ಕಿ, ಬಸವಕಲ್ಯಾಣ, ಆಳಂದದ ಕಡೆ ಮರಾಠಿ, ಸೇಡಂ, ಗುರುಮಠಕಲ್ ಕಡೆ ತೆಲುಗು, ಬೀದರ್, ಕಲಬುರಗಿ ನಗರಗಳಲ್ಲಿ ಉರ್ದು, ತಾಂಡಾಗಳಲ್ಲಿ ಲಂಬಾಣಿ. ಠಾಣೆಯ ನಮೂನೆ ಮಾತ್ರ ಕನ್ನಡದ್ದು, ಕೆಳಗೆ ಹೆಬ್ಬೆಟ್ಟು. ‘ಓದಿ ಹೇಳಿದ್ದಾರೆ’ ಎಂಬ ಸಾಲು ಇದ್ದರೆ ಯಾರು ಓದಿದರು, ಯಾವ ಭಾಷೆಯಲ್ಲಿ ಎಂದು ಕೇಳುವುದನ್ನು ಕಲಿಸಬೇಕು. ಮೈಮೇಲೆ ಗಾಯವಿದ್ದರೆ ಅದನ್ನು ಆದೇಶದ ಹಾಳೆಯಲ್ಲಿ ಬರೆಸದೆ ಹೊರಗೆ ಬರಬಾರದು. ಮರುದಿನ ಹೇಳಿದರೆ ಜೈಲಿನಲ್ಲಿ ಆದದ್ದು ಎನ್ನುತ್ತಾರೆ.

ನಾಲ್ಕನೆಯದು ಡೈರಿ ಲೆಕ್ಕ. ಸಂಹಿತೆಯ 187(3)ರ ಪ್ರಕಾರ 60 ಅಥವಾ 90 ದಿನದಲ್ಲಿ ದೋಷಾರೋಪಣ ಪಟ್ಟಿ ಬಾರದಿದ್ದರೆ ಜಾಮೀನು ಹಕ್ಕಾಗಿ ಸಿಗುತ್ತದೆ. ರಿಮ್ಯಾಂಡ್ ಕೊಟ್ಟ ದಿನವೂ ಲೆಕ್ಕಕ್ಕೆ ಸೇರುತ್ತದೆಂದು 2023ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ತೀರ್ಮಾನಿಸಿದೆ. ಮಾರ್ಚ್ 1ಕ್ಕೆ ಮೊದಲ ರಿಮ್ಯಾಂಡ್ ಆದರೆ 60ನೇ ದಿನ ಏಪ್ರಿಲ್ 29. ಅರ್ಜಿ 30ರ ಬೆಳಿಗ್ಗೆ ಕೋರ್ಟ್ ತೆರೆಯುವ ಹೊತ್ತಿಗೆ. 90 ಆದರೆ ಮೇ 29, ಅರ್ಜಿ 30ಕ್ಕೆ. ಬಂಧನದ ದಿನದಿಂದ ಎಣಿಸಿ ಒಂದು ದಿನ ಮುಂಚೆ ಹಾಕಿದರೆ ಅರ್ಜಿ ಅಕಾಲಿಕವೆಂದು ಬೀಳುತ್ತದೆ; ಒಂದು ದಿನ ತಡೆದರೆ ಅಷ್ಟರಲ್ಲಿ ಪಟ್ಟಿ ಬಂದುಬಿಡುತ್ತದೆ. ಸ್ವೀಕೃತಿಯ ಮೊಹರಿನ ಪಕ್ಕ ಗಂಟೆ, ನಿಮಿಷ ಬರೆಸಿಕೊಳ್ಳಬೇಕು, ಏಕೆಂದರೆ ಅದೇ ದಿನ ಮಧ್ಯಾಹ್ನ ಪಟ್ಟಿ ಬಂದರೂ ಮೊದಲು ಬಿದ್ದ ಅರ್ಜಿಯ ಹಕ್ಕು ಉಳಿಯುತ್ತದೆ. ಅರ್ಜಿ ಒಂದೇ ಪುಟ ಸಾಕು: ತಾರೀಖುಗಳು, ಕಲಮುಗಳು, ಜಾಮೀನು ಒದಗಿಸಲು ಸಿದ್ಧ ಎಂಬ ಸಾಲು. ಆರೋಪಿ ನಿರಪರಾಧಿ, ಮನೆಗೆ ಒಬ್ಬನೇ ದುಡಿಯುವವನು ಎಂದು ಹತ್ತು ಪುಟ ಬರೆಯುವ ಚಟ ಬಿಡಿಸಬೇಕು. ಇಲ್ಲಿ ಗುಣಾವಗುಣದ ಪ್ರಶ್ನೆಯೇ ಇಲ್ಲ.

ಜಾಮೀನು ಆದೇಶವಾದ ಮೇಲೂ ಜೈಲಿನಲ್ಲಿ ಉಳಿಯುವವರ ಕಥೆ ಬೇರೆ. ಜಾಮೀನುದಾರನ ಪಹಣಿ ಜಂಟಿ ಹೆಸರಿನಲ್ಲಿರುತ್ತದೆ, ಇಲ್ಲವೇ 11ನೇ ಕಾಲಮಿನಲ್ಲಿ ಬ್ಯಾಂಕಿನ ಸಾಲದ ಬೋಜಾ ಇರುತ್ತದೆ, ಇಲ್ಲವೇ ಖಾತೆದಾರ ದುಡಿಯಲು ಪುಣೆಗೋ ಮುಂಬೈಗೋ ಹೋಗಿರುತ್ತಾನೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು 1.30ಕ್ಕೆ ಮುಚ್ಚುತ್ತವೆ, ಮಧ್ಯಾಹ್ನ ಆದೇಶ ಕೈಗೆ ಬಂದರೆ ಕಾಗದ ಮರುದಿನಕ್ಕೆ. ಸ್ಥಳೀಯ ಜಾಮೀನುದಾರನೇ ಬೇಕೆಂದು ಪಟ್ಟು ಹಿಡಿಯಬಾರದೆಂದೂ, ಏಳು ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕೆಂದೂ 2023ರ ಜನವರಿ 31ರ ಸುಪ್ರೀಂ ಕೋರ್ಟ್ ನಿರ್ದೇಶನಗಳಿವೆ. ಷರತ್ತು ಸಡಿಲಿಸುವ ಅರ್ಜಿ ಹಾಕಲು ಎಷ್ಟು ಕಿರಿಯರಿಗೆ ಗೊತ್ತು? ಗೊತ್ತಿಲ್ಲದೆ ಕೋರ್ಟಿನ ಕಾಂಪೌಂಡಿನಲ್ಲಿ ಬಾಡಿಗೆ ಜಾಮೀನುದಾರರನ್ನು ಹುಡುಕುವವರಿದ್ದಾರೆ. ವಕೀಲ ತನ್ನ ಕಕ್ಷಿದಾರನಿಗೆ ಜಾಮೀನು ನಿಲ್ಲಕೂಡದು, ಜಾಮೀನುದಾರ ಭದ್ರನೆಂದು ಪ್ರಮಾಣೀಕರಿಸಕೂಡದು ಎಂಬ ನಿಯಮ ನಿಮ್ಮದೇ ಪುಸ್ತಕದಲ್ಲಿದೆ. ಅದನ್ನು ಸನ್ನದಿನ ಜೊತೆಗೇ ಓದಿಸಬೇಕಿತ್ತು.

ಈ ಸೀಮೆಯ ಕೇಸುಗಳಿಗೆ ತಕ್ಕ ಪಾಠವೂ ಬೇಕು. ತೊಗರಿ, ಹತ್ತಿ ಹೊಲದ ನಡುವೆ ಸಿಕ್ಕ ಗಾಂಜಾ ಗಿಡಗಳನ್ನೇ ನೋಡಿ. ಬೇರು, ಮಣ್ಣು, ಕಾಂಡ, ಎಲೆ ಸಮೇತ ತೂಗಿ, 20 ಕಿಲೋ ದಾಟಿತೆಂದು ವಾಣಿಜ್ಯ ಪ್ರಮಾಣದ ಕಲಮು ಹಾಕುತ್ತಾರೆ. ಮಾದಕ ವಸ್ತು (ಎನ್‌ಡಿಪಿಎಸ್) ಕಾಯ್ದೆಯ ವ್ಯಾಖ್ಯೆಯಲ್ಲಿ ಗಾಂಜಾ ಎಂದರೆ ಹೂ ಬಿಟ್ಟ ಅಥವಾ ಕಾಯಿ ಕಟ್ಟಿದ ತುದಿ. ತುದಿಯ ಜೊತೆ ಇಲ್ಲದ ಬೀಜ, ಎಲೆ ಲೆಕ್ಕಕ್ಕಿಲ್ಲ. ಅಲ್ಲದೆ ಗಿಡ ಬೆಳೆಸಿದ್ದಕ್ಕೆ ಇರುವುದು 20(ಎ): ಹತ್ತು ವರ್ಷದವರೆಗೆ ಶಿಕ್ಷೆ, ಪ್ರಮಾಣದ ಮಾತೇ ಇಲ್ಲ, ಜಾಮೀನಿಗೆ 37ನೇ ಕಲಮಿನ ಕಠಿಣ ಷರತ್ತೂ ಇಲ್ಲ, ತನಿಖೆಗೆ 180 ದಿನವೂ ಇಲ್ಲ. 20(ಬಿ) ಎಂದು ಬರೆದ ಒಂದೇ ಅಕ್ಷರದಿಂದ ರೈತ ತಿಂಗಳುಗಟ್ಟಲೆ ಒಳಗಿರುತ್ತಾನೆ. ಜಾಮೀನು ಅರ್ಜಿಯ ಮೊದಲ ಪ್ಯಾರಾ ಇದೇ ಆಗಿರಬೇಕು. 52ಎ ಪ್ರಕಾರ ಮ್ಯಾಜಿಸ್ಟ್ರೇಟರ ಎದುರು ಮಾದರಿ ತೆಗೆದರೇ, 2022ರ ನಿಯಮದಂತೆ 24 ಗ್ರಾಂನ ಜೋಡಿ ಮಾದರಿ ಇವೆಯೇ, ಪ್ರಯೋಗಾಲಯಕ್ಕೆ ಹೋಗುವವರೆಗೆ ಅವು ಎಲ್ಲಿದ್ದವು, ಯಾರ ಮೊಹರಿನಲ್ಲಿ? ಇವು ವಿಚಾರಣೆಗೆ ಕಾಯ್ದಿಟ್ಟುಕೊಳ್ಳುವ ಪ್ರಶ್ನೆಗಳು.

ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ ಕೇಸುಗಳಲ್ಲಿ ವಿಶೇಷ ನ್ಯಾಯಾಲಯ ಜಾಮೀನು ನಿರಾಕರಿಸಿದರೆ ಹೈಕೋರ್ಟಿಗೆ ಹೋಗುವ ದಾರಿ 14ಎ ಮೇಲ್ಮನವಿ, ಜಾಮೀನು ಅರ್ಜಿಯಲ್ಲ. ಮತ್ತು 15ಎ ಪ್ರಕಾರ ನೊಂದವರಿಗೆ ತಿಳಿಸದೆ ವಾದ ನಡೆಯದು. ಠಾಣೆಯವರು ಸ್ವಂತವಾಗಿ ತನಿಖೆ ಮಾಡುವಂತಿಲ್ಲದ ಅಪರಾಧಗಳಲ್ಲಿ ಮ್ಯಾಜಿಸ್ಟ್ರೇಟರು ಪೊಲೀಸರ ಮನವಿಯ ಅಂಚಿನಲ್ಲಿ ‘ಅನುಮತಿಸಿದೆ’ ಎಂದು ಗೀಚಿದರೆ ಸಾಲದು, ಕಾರಣವಿರುವ ಆದೇಶ ಬೇಕು ಎಂದು ಹೈಕೋರ್ಟಿನ ಕಲಬುರಗಿ ಪೀಠವೇ 2019ರಲ್ಲಿ ಹೇಳಿದೆ. ಭೀಮಾ ದಂಡೆಯ ಮರಳಿನ ಕೇಸಿನಲ್ಲಿ ಟ್ರ್ಯಾಕ್ಟರ್ ಬಿಡಿಸುವುದು ಮೊದಲ ಆರು ತಿಂಗಳಲ್ಲಿಯೇ ಕಲಿಯಬಹುದಾದ ಕೆಲಸ: ನಾಗರಿಕ ಸುರಕ್ಷಾ ಸಂಹಿತೆಯ 497 ಅಥವಾ 503ರ ಅರ್ಜಿ, ಆರ್‌ಸಿ, ವಿಮೆ, ಫೋಟೊ, ಮುಚ್ಚಳಿಕೆ.

ಇನ್ನು ದೋಷಾರೋಪಣ ಪಟ್ಟಿ ಓದುವ ವಿದ್ಯೆ. ಕಿರಿಯರು ಅದನ್ನು ಮೊದಲ ಪುಟದಿಂದ ಕಾದಂಬರಿಯಂತೆ ಓದುತ್ತಾರೆ. ಓದಬೇಕಾದ್ದು ಹೊತ್ತಿನ ಸರದಿಯಲ್ಲಿ. ಒಂದು ಹಾಳೆಯಲ್ಲಿ ಉದ್ದುದ್ದ ಗೆರೆ ಎಳೆದು ಘಟನೆಯ ಹೊತ್ತು, ಆಸ್ಪತ್ರೆ ಸೇರಿದ ಹೊತ್ತು, ಫಿರ್ಯಾದು ಕೊಟ್ಟ ಹೊತ್ತು, ಪ್ರಥಮ ವರ್ತಮಾನ ವರದಿ ಮ್ಯಾಜಿಸ್ಟ್ರೇಟರಿಗೆ ಮುಟ್ಟಿದ ಹೊತ್ತು (ಅವರ ಸಹಿಯ ಕೆಳಗೆ ಇರುತ್ತದೆ), ಶವ ಪಂಚನಾಮೆ, ಸ್ಥಳ ಪಂಚನಾಮೆ, ಜಪ್ತಿ, ಮರಣೋತ್ತರ ಪರೀಕ್ಷೆ ಎಲ್ಲವನ್ನೂ ಕೂರಿಸಬೇಕು. ವರದಿ ದಾಖಲಾಗುವ ಮೊದಲೇ ಬರೆದ ಶವ ಪಂಚನಾಮೆಯ ತಲೆಯಲ್ಲಿ ಗುನ್ನೆ ನಂಬರು ಇದ್ದರೆ ಯಾವುದೋ ಒಂದನ್ನು ಆಮೇಲೆ ಬರೆದಿದ್ದಾರೆ. ಜಿಲ್ಲಾಸ್ಪತ್ರೆಯ ಎಂಎಲ್‌ಸಿ (ಪೊಲೀಸ್ ಕೇಸಾಗಬಹುದಾದ ಗಾಯಗಳ) ರಿಜಿಸ್ಟರಿನಲ್ಲಿ ಗಾಯಾಳು ಮೊದಲು ಹೇಳಿದ್ದು ಏನು? ‘ಬೈಕಿನಿಂದ ಬಿದ್ದು’ ಎಂದಿದ್ದು, ಮೂರು ತಾಸಿನ ನಂತರದ ಫಿರ್ಯಾದಿನಲ್ಲಿ ಐದು ಜನರ ಹೆಸರು, ಕೈಯಲ್ಲಿದ್ದ ಆಯುಧ ಸಮೇತ ಬಂದಿದ್ದರೆ ಇಡೀ ಪಾಟೀಸವಾಲು ಅಲ್ಲಿಯೇ ಇದೆ. ಆ ರಿಜಿಸ್ಟರನ್ನು ತನಿಖಾಧಿಕಾರಿ ಪಟ್ಟಿಗೆ ಸೇರಿಸಿರುವುದಿಲ್ಲ. ಅರ್ಜಿ ಹಾಕಿ ತರಿಸಬೇಕು. ಜಪ್ತಿಯಾದ ವಸ್ತು ಕಲಬುರಗಿಯ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗುವ ಮೊದಲು ಎಷ್ಟು ದಿನ ಠಾಣೆಯಲ್ಲಿತ್ತು ಎಂಬುದನ್ನು ಮುದ್ದೆಮಾಲು ರಿಜಿಸ್ಟರ್ ಹೇಳುತ್ತದೆ. ಸಿಸಿಟಿವಿ ಇದ್ದರೆ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದ ಎರಡೂ ಭಾಗ, ಹ್ಯಾಶ್ ಮೌಲ್ಯ (ಕಡತ ಬದಲಾಗಿಲ್ಲವೆಂದು ತೋರಿಸುವ ಡಿಜಿಟಲ್ ಗುರುತು) ಇವೆಯೇ ನೋಡಿ, ಪೆನ್‌ಡ್ರೈವ್ ನಕಲು ಕೇಳಿ ಪಡೆಯಬೇಕು. ಸೆಷನ್ಸ್‌ಗೆ ಒಪ್ಪಿಸಿದ 60 ದಿನದೊಳಗೆ ಸುರಕ್ಷಾ ಸಂಹಿತೆಯ 250ರ ಪ್ರಕಾರ ಆರೋಪದಿಂದಲೇ ಬಿಡುಗಡೆ ಕೋರುವ ಅರ್ಜಿ ಬೀಳಬೇಕೆಂಬುದು 2024ರ ಜುಲೈ 1ರಿಂದ ಬಂದ ಹೊಸ ಮಿತಿ. ಹಳೆ ರೂಢಿಯವರು ಇದರಲ್ಲಿ ಎಡವುತ್ತಿದ್ದಾರೆ.

ಪಾಟೀಸವಾಲಿನಲ್ಲಿ ಕೆಡುವುದು ಧ್ವನಿಯಿಂದಲ್ಲ, ಕ್ರಮ ತಪ್ಪುವುದರಿಂದ. ಸಾಕ್ಷಿ ಪೊಲೀಸರ ಮುಂದೆ ಹೇಳಿದ್ದಕ್ಕೂ ಕೋರ್ಟಿನಲ್ಲಿ ಹೇಳಿದ್ದಕ್ಕೂ ವಿರೋಧವಿದ್ದರೆ, ಆ ಹೇಳಿಕೆಯ ಅದೇ ಸಾಲನ್ನು ಅವನಿಗೆ ಓದಿ ತೋರಿಸಬೇಕು. ‘ಹಾಗೆ ಹೇಳಿಲ್ಲ’ ಎಂದರೆ ಅಷ್ಟೇ ಭಾಗಕ್ಕೆ ಕಂಸ ಹಾಕಿ ನಿ.ಡಿ. (ಆರೋಪಿ ಕಡೆಯ ದಾಖಲೆಯ ನಿಶಾನೆ) ಎಂದು ಗುರುತಿಸಬೇಕು, ಇಡೀ ಹೇಳಿಕೆಯನ್ನಲ್ಲ. ಆಮೇಲೆ ತಿಂಗಳುಗಳ ನಂತರ ತನಿಖಾಧಿಕಾರಿ ಕಟಕಟೆಗೆ ಬಂದಾಗ, ಸಾಕ್ಷಿ ಹಾಗೆಯೇ ಹೇಳಿದ್ದನೇ ಎಂದು ಅವರಿಂದ ಒಪ್ಪಿಸಬೇಕು. ಈ ಕೊನೆಯ ಹೆಜ್ಜೆ ಮರೆತು ವಿರೋಧ ಸಾಬೀತಾಗದೆ ಬಿದ್ದ ಕೇಸುಗಳಿಗೆ ಲೆಕ್ಕವಿಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ಫೈಲು ಇನ್ನೊಬ್ಬ ಕಿರಿಯರ ಕೈಗೆ ಹೋಗಿರುತ್ತದೆ. ಮೊದಲು ಹೇಳದೇ ಬಿಟ್ಟ ಸಂಗತಿಗೆ ಗುರುತಿಸಲು ಸಾಲೇ ಇರುವುದಿಲ್ಲ. ಅಲ್ಲಿ ಸಾಕ್ಷಿಗೆ ಒಂದು ಪ್ರಶ್ನೆ, ತನಿಖಾಧಿಕಾರಿಗೆ ಒಂದು ಪ್ರಶ್ನೆ.

ಅದಕ್ಕಿಂತ ಅಪಾಯ ಪಾಟೀಸವಾಲಿನ ಕೊನೆಗೆ ‘ಹೀಗಲ್ಲವೇ’ ಎಂದು ಸಾಕ್ಷಿಯ ಮುಂದಿಡುವ ಸೂಚನೆಗಳಲ್ಲಿದೆ. ‘ನೂಕಾಟದಲ್ಲಿ ನೀವೇ ಕಲ್ಲಿನ ಮೇಲೆ ಬಿದ್ದಿರಿ ಎಂದರೆ ಸರಿಯೇ?’ ಎಂದು ಕೇಳಿದ ಕ್ಷಣ ನಮ್ಮ ಆರೋಪಿ ಸ್ಥಳದಲ್ಲಿದ್ದ ಎಂದು ನಾವೇ ಹೇಳಿದ ಹಾಗಾಯಿತು. ವಕೀಲರು ಹಾಕಿದ ಸೂಚನೆಯನ್ನು ಉಳಿದ ಸಾಕ್ಷ್ಯದ ಜೊತೆ ಆರೋಪಿಯ ವಿರುದ್ಧ ನೋಡಬಹುದೆಂದು ಬಾಲು ಸುದಾಮ್ ಖಾಲ್ಡೆ ಪ್ರಕರಣದಲ್ಲಿ (2023) ಸುಪ್ರೀಂ ಕೋರ್ಟ್ ಹೇಳಿದ ಮೇಲಂತೂ, ರಕ್ಷಣೆಯ ನಿಲುವು ಯಾವುದೆಂದು ಬರೆದಿಟ್ಟುಕೊಳ್ಳದೆ ಎದ್ದು ನಿಲ್ಲಬಾರದು. ಸ್ಥಳದಲ್ಲಿ ಇರಲಿಲ್ಲ ಎನ್ನುವುದೋ, ಆತ್ಮರಕ್ಷಣೆ ಎನ್ನುವುದೋ, ಒಂದನ್ನು ಆರಿಸಬೇಕು.

ಮುದ್ದತಿನ ರೂಢಿ ಇಲ್ಲಿಯೇ ಕುತ್ತಿಗೆಗೆ ಬರುತ್ತದೆ. ಹೊಸ ಸಂಹಿತೆಯ 346 ಎರಡಕ್ಕಿಂತ ಹೆಚ್ಚು ಮುದ್ದತು ಕೊಡುವುದಿಲ್ಲ. ಹಿರಿಯರು ಹೈಕೋರ್ಟ್ ಪೀಠದ ಕೇಸಿಗೆ ಹೋಗಿರುತ್ತಾರೆ, ಕಿರಿಯರು ಇಲ್ಲಿ ಫೈಲು ಓದಿರುವುದಿಲ್ಲ. ‘ಪಾಟೀಸವಾಲು ಇಲ್ಲ’ ಎಂದು ದಾಖಲಾಗುತ್ತದೆ. ಆಮೇಲೆ 348ರಲ್ಲಿ ಸಾಕ್ಷಿಯನ್ನು ಮರಳಿ ಕರೆಸುವ ಅರ್ಜಿ, ಅದಕ್ಕೆ ವೆಚ್ಚ, ಅಷ್ಟರಲ್ಲಿ ಸಾಕ್ಷಿಗೆ ಯಾರು ಯಾರು ಭೇಟಿಯಾದರೋ. ಸಾಕ್ಷಿಯ ಮಾತು ದಾಖಲಾಗುವ ಬಗೆಯ ಮೇಲೂ ಕಣ್ಣಿರಬೇಕು. ಔರಾದಿನ ಸಾಕ್ಷಿ ಮರಾಠಿಯಲ್ಲಿ ಹೇಳಿದ್ದು ಕನ್ನಡದಲ್ಲಿ ಟೈಪಾಗಿ, ಅಪೀಲಿನಲ್ಲಿ ಇಂಗ್ಲಿಷಾಗಿ ಓದಲ್ಪಡುತ್ತದೆ. 313ರ ಪ್ರಕಾರ ಹೇಳಿಕೆಯನ್ನು ಸಾಕ್ಷಿಗೆ ಓದಿ ತೋರಿಸಿ ತಿದ್ದುವ ಅವಕಾಶ ಸಹಿಗೆ ಮೊದಲೇ ಇರುವುದು. ಆ ಐದು ನಿಮಿಷ ಎಲ್ಲರಿಗೂ ಊಟದ ಅವಸರ.

ಬಡವರ ಕೇಸಿನಲ್ಲಿ ಹೊಸಬರೇ ಸಿಗುತ್ತಾರೆಂಬುದು ಹೊಸ ಮಾತಲ್ಲ. ಆಜೀವ ಅಥವಾ ಮರಣದಂಡನೆ ಆಗಬಹುದಾದ ಕೇಸುಗಳಿಗೆ ಕನಿಷ್ಠ 10 ವರ್ಷ ಅನುಭವದವರನ್ನೇ ನೇಮಿಸಬೇಕು, ತಯಾರಿಗೆ ಸಾಮಾನ್ಯವಾಗಿ ಏಳು ದಿನವಾದರೂ ಕೊಡಬೇಕು ಎಂದು ಅನೋಖಿಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿತು. ಹತ್ತು ವರ್ಷದವರು ಆಕಾಶದಿಂದ ಬೀಳುವುದಿಲ್ಲ. ಇಂದಿನ ಮೊದಲ ವರ್ಷದವರೇ ಮುಂದೆ ಹತ್ತು ವರ್ಷದವರಾಗುತ್ತಾರೆ. ಆದ್ದರಿಂದ ಯೋಜನೆ ಹೀಗಿರಲಿ: ಕ್ರಿಮಿನಲ್ ಕೇಸುಗಳಲ್ಲಿ 10 ವರ್ಷ ದಾಟಿದ, ಕಲಿಸಲು ಒಪ್ಪುವ ಹಿರಿಯರ ಪಟ್ಟಿ ಪ್ರತಿ ಸಂಘದಲ್ಲಿ, ಒಬ್ಬರಿಗೆ ಇಬ್ಬರಿಗಿಂತ ಹೆಚ್ಚು ಕಿರಿಯರಿಲ್ಲ. ಮೊದಲ ಆರು ತಿಂಗಳಲ್ಲಿ 20 ರಿಮ್ಯಾಂಡ್, 10 ಜಾಮೀನು ಕರಡು, 5 ದೋಷಾರೋಪಣ ಪಟ್ಟಿಗಳ ಹೊತ್ತಿನ ಹಾಳೆ. ಮುಂದಿನ ಆರರಲ್ಲಿ ಒಂದು ಸೆಷನ್ಸ್ ಕೇಸು ಮೊದಲ ಸಾಕ್ಷಿಯಿಂದ ಕೊನೆಯವರೆಗೆ ಒಬ್ಬರೇ ಕಿರಿಯರ ಕೈಯಲ್ಲಿ. ಪ್ರತಿಯೊಂದಕ್ಕೂ ಹಿರಿಯರ ಸಹಿ. ಡೈರಿಯನ್ನು ಪರಿಷತ್ತು ವರ್ಷಕ್ಕೊಮ್ಮೆ ನೋಡಲಿ. ಭತ್ಯೆಯ ಅಂಕಿಯನ್ನು ನಾವು ಹುಟ್ಟಿಸಬೇಕಿಲ್ಲ: ನಗರದಲ್ಲಿ ತಿಂಗಳಿಗೆ 20,000, ಗ್ರಾಮೀಣದಲ್ಲಿ 15,000 ಎಂದು ಭಾರತೀಯ ಪರಿಷತ್ತು 2024ರ ಅಕ್ಟೋಬರಿನಲ್ಲಿ ಶಿಫಾರಸು ಮಾಡಿದೆ. ತಾಲೂಕು ಕೋರ್ಟಿನ ಹಿರಿಯರಿಗೆ ಪೂರ್ತಿ ಭಾರ ಹೊರಲಾಗದು ಎಂಬುದೂ ನಿಜ. ಅರ್ಧವನ್ನು ಪರಿಷತ್ತು ಕೊಡಲಿ. ಭತ್ಯೆಯಿಲ್ಲದಿದ್ದರೆ ಹೆಣ್ಣುಮಕ್ಕಳೂ ತಾಂಡಾದ ಹುಡುಗರೂ ವರ್ಷ ತುಂಬುವ ಮೊದಲೇ ನೋಟರಿ ಟೇಬಲ್ಲಿಗೋ ಬ್ಯಾಂಕ್ ಪರೀಕ್ಷೆಗೋ ಹೋಗುತ್ತಾರೆ.

ಸಂಘಗಳಿಗೆ ಎರಡು ಮಾತು. ಇಂಥ ಆರೋಪಿಯ ಪರ ಯಾರೂ ವಕಾಲತ್ತು ಹಾಕಬಾರದೆಂಬ ಠರಾವು ಶೂನ್ಯ ಎಂದು 2010ರಲ್ಲಿಯೇ ತೀರ್ಪಾಗಿದೆ. ಆರೋಪಿಯ ಬಗ್ಗೆ ವಕೀಲನ ಸ್ವಂತ ಅಭಿಪ್ರಾಯ ಏನೇ ಇರಲಿ, ರಕ್ಷಿಸುವುದು ಅವನ ಕರ್ತವ್ಯವೆಂದು ಪರಿಷತ್ತಿನ ನಿಯಮವೇ ಹೇಳುತ್ತದೆ. ಊರಿನ ಸಿಟ್ಟಿಗೆ ಹೆದರಿ ಹಿಂದೆ ಸರಿಯುವುದನ್ನು ಕಿರಿಯರು ನಮ್ಮಿಂದ ಕಲಿಯದಿರಲಿ.

ಇನ್ನೊಂದು, ರಜಾದಿನದ ರಿಮ್ಯಾಂಡ್ ಪಾಳಿ. ಭಾನುವಾರ, ಹಬ್ಬ, ಬೇಸಿಗೆ ರಜೆಯ ಪ್ರತಿ ದಿನಕ್ಕೂ ಒಬ್ಬ ಹಿರಿಯರು, ಒಬ್ಬ ಕಿರಿಯರ ಹೆಸರು ಮತ್ತು ಫೋನ್ ನಂಬರು ಇರುವ ಪಟ್ಟಿ, ಜೊತೆಗೆ ಮರಾಠಿ, ತೆಲುಗು, ಉರ್ದು, ಲಂಬಾಣಿ ಬಲ್ಲ ಒಬ್ಬೊಬ್ಬರ ಹೆಸರು. ಅದರ ಒಂದೊಂದು ಪ್ರತಿ ಮ್ಯಾಜಿಸ್ಟ್ರೇಟರ ಕಚೇರಿಗೆ, ಪ್ರತಿ ಠಾಣೆಯ ಗೋಡೆಗೆ, ಕಲಬುರಗಿ ಕೇಂದ್ರ ಕಾರಾಗೃಹಕ್ಕೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ. ಪ್ರಾಧಿಕಾರದ 15100 ಸಹಾಯವಾಣಿಯೂ ಅದೇ ಹಾಳೆಯ ತಲೆಯಲ್ಲಿರಲಿ. ಇದಕ್ಕೆ ಬೆಂಗಳೂರಿನ ಆದೇಶವೂ ಬೇಡ, ಹಣವೂ ಬೇಡ. ಮುಂದಿನ ಸಂಘದ ಸಭೆಯಲ್ಲಿ ಅರ್ಧ ತಾಸು ಸಾಕು. ಮೊದಲ ಪಾಳಿಗೆ ಹೆಸರು ಕೊಡಲು ನಾವು ತಯಾರಿದ್ದೇವೆ.

ಇಂತಿ,
ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಕ್ರಿಮಿನಲ್ ಪ್ರಾಕ್ಟೀಸು ಮಾಡುವ ಕೆಲವು ವಕೀಲರು